ಅಪ್ಪ ನೆಟ್ಟ 60 ಹೊಂಗೆ, ಎರಡು ಮೂಟೆ ಬೀಜ: ಸರ್ಕಾರ ಸಸಿ ಕೊಡ್ತು, ಕೊಳ್ಳೋರು ಯಾರು?

ತಿಪಟೂರು ಕಡೆಯವ:

ಎಲ್ರಿಗೂ ನಮಸ್ಕಾರ. ಮೊದಲೇ ಹೇಳಿಬಿಡ್ತೀನಿ, ಇದು ಅರ್ಧ ಪ್ರಶ್ನೆ, ಇನ್ನರ್ಧ ಹೊಟ್ಟೆಯುರಿ.

2010ರ ಮಳೆಗಾಲ. ನಮ್ಮೂರ ಶಾಲೆ ಮುಂದೆ ಒಂದು ಜೀಪು ಬಂತು, ಅದರ ಹಿಂದೆ ಟ್ರ್ಯಾಕ್ಟರ್ ತುಂಬ ಹೊಂಗೆ ಸಸಿ. ಬದುವಿನ ಮೇಲೆ ಹಾಕ್ಕೊಳ್ಳಿ, ನಾಳೆ ಡೀಸೆಲ್ಲು ನಿಮ್ಮ ಹೊಲದಲ್ಲೇ ಬೆಳೆಯುತ್ತೆ ಅಂತ ಮೈಕಲ್ಲಿ ಹೇಳಿದ್ರು. ಬೇರೆಯವರು ನಾಲ್ಕೋ ಹತ್ತೋ ತಗೊಂಡ್ರು. ನಮ್ಮಪ್ಪ ಅರವತ್ತು ತಗೊಂಡ. ಅಮ್ಮ ಬೈದಳು, ತೆಂಗಿಗೇ ನೀರಿಲ್ಲ, ಇದೆಂಥ ಹುಚ್ಚು ಅಂತ. ಮೊದಲ ಎರಡು ಬೇಸಿಗೆ ಬಿಂದಿಗೆಯಲ್ಲಿ ನೀರು ಹೊತ್ತವನು ನಾನು, ಆಗ ಪಿಯುಸಿ. ಈಗ 41 ಮರ ಉಳಿದಿವೆ.

ಈ ಮಾರ್ಚಲ್ಲಿ ಅಪ್ಪ (74 ವಯಸ್ಸು) ಅಂಗಳದಲ್ಲಿ ಕಾಯಿ ರಾಶಿ ಹಾಕ್ಕೊಂಡು ಒಂಬತ್ತು ದಿನ ಕೋಲಲ್ಲಿ ಬಡಿದ. ಒಂದೊಂದು ಕಾಯಿಗೆ ಒಂದೇ ಬೀಜ, ಅಪರೂಪಕ್ಕೆ ಎರಡು. ಎರಡು ಮೂಟೆ ಆಯ್ತು, ತೂಕ 110 ಕೆಜಿ. ಪೇಟೆಯ ಅಂಗಡಿಯವನು ಮೂಟೆಗೆ ಕೈ ಹಾಕಿ, ಮೂಸಿ ನೋಡಿ, ಕೆಜಿಗೆ 24 ಅಂದ. ಒಟ್ಟು 2,640 ರೂಪಾಯಿ, ಅದರಲ್ಲಿ ಆಟೋ ಬಾಡಿಗೆ 300. ಒಂಬತ್ತು ದಿನಕ್ಕೆ ಭಾಗಿಸಿ ನೋಡಿ. ನಾನು ಭಾಗಿಸಿದೆ, ಅಪ್ಪನಿಗೆ ಹೇಳಲಿಲ್ಲ.

ಅವತ್ತೇ ವಾಪಸ್ ಬರುವಾಗ ಬೈಕಿಗೆ ಪೆಟ್ರೋಲ್ ಹಾಕಿಸಿದೆ. ಬಂಕಲ್ಲಿ ಇ20 ಅಂತ ಸ್ಟಿಕ್ಕರ್, ಪೆಟ್ರೋಲಲ್ಲಿ ಶೇ. 20 ಎಥನಾಲ್ ಬೆರೆಸಿದ್ದು. ಅಂದ್ರೆ ಕಬ್ಬಿನ, ಮೆಕ್ಕೆಜೋಳದ ಎಥನಾಲ್ ಮೂಲೆಮೂಲೆಯ ಬಂಕಿಗೂ ಬಂದು ಕೂತಿದೆ. ನಮ್ಮ ಹೊಂಗೆ ಮಾತ್ರ ಆ ಜೀಪಿನ ಧೂಳಲ್ಲೇ ಉಳೀತು.

ಬೆಂಗಳೂರಲ್ಲಿರೋ ನಮ್ಮ ಭಾವ, "ಸರ್ಕಾರ ಇಂಥದ್ದಕ್ಕೆಲ್ಲ ಕೈ ಹಾಕಲೇಬಾರದು, ಲಾಭ ಇದ್ರೆ ಯಾರೋ ಮಾಡ್ತಾರೆ, ಇಲ್ದಿದ್ರೆ ಬಿಡ್ತಾರೆ" ಅಂತಾನೆ. ನನಗೆ ಹಾಗನ್ನಿಸಲ್ಲ. ಆದ್ರೆ ಉತ್ತರ ಕೊಡೋಕೂ ಆಗ್ತಿಲ್ಲ. ಒಂದೇ ದೇಶ, ಹೆಚ್ಚುಕಮ್ಮಿ ಒಂದೇ ಕಾಲ, ಎರಡಕ್ಕೂ ಸರ್ಕಾರದ ದುಡ್ಡು. ಒಂದು ಯಾಕೆ ಬಂಕಿಗೆ ಹೋಯ್ತು, ಇನ್ನೊಂದು ಯಾಕೆ ಬದುವಲ್ಲೇ ನಿಂತಿತು? ಗೊತ್ತಿರೋರು ಹೇಳಿ.

ಹಳೇ ಸ್ಕೂಟರ್, ಯಶವಂತಪುರ:

ನಿಮ್ಮ ಭಾವ ಹೇಳಿದ್ದೇ ಸರಿ ಗುರೂ. ಬಂಕಿಗೆ ಬಂದದ್ದನ್ನ ಗೆಲುವು ಅಂದ್ಕೋಬೇಡಿ. ನನ್ನದು 2014ರ ಸ್ಕೂಟರು. ಲೀಟರಿಗೆ 46 ಕಿಮೀ ಕೊಡ್ತಿದ್ದದ್ದು ಈಗ 43ಕ್ಕೆ ಬಂದಿದೆ. ಎಥನಾಲಲ್ಲಿ ಪೆಟ್ರೋಲಿನ ಮೂರನೇ ಎರಡರಷ್ಟೇ ಶಕ್ತಿ ಇರೋದು, ಇದು ಗುಟ್ಟೇನಲ್ಲ. ನೀತಿ ಆಯೋಗದ 2021ರ ವರದಿಯೇ ಹಳೇ ಕಾರಿಗೆ ಶೇ. 6ರಿಂದ 7, ಹಳೇ ದ್ವಿಚಕ್ರಕ್ಕೆ ಶೇ. 3ರಿಂದ 4 ಮೈಲೇಜ್ ಇಳಿಯುತ್ತೆ ಅಂದಿತ್ತು. ಸರಿ, ಇಳೀಲಿ. ಬೆಲೆ ಇಳೀತಾ? ಇಲ್ಲ. ಕಬ್ಬಿನ ಫ್ಯಾಕ್ಟರಿಗೆ ಬಡ್ಡಿ ಕಟ್ಟೋದು ನನ್ನ ಸ್ಕೂಟರ್ರೇ. ನಿಮ್ಮ ಹೊಂಗೇನೂ ಬಂಕಿಗೆ ಬಂದಿದ್ರೆ ಡೀಸೆಲ್ ಗಾಡಿಯವನೂ ಇಲ್ಲೇ ಬಂದು ಅಳ್ತಿದ್ದ.

ಗಾಣದ ಹುಡುಗ (ಈಗ ಹುಡುಗ ಅಲ್ಲ):

ತಿಪಟೂರಿನವರೇ, ನಿಮ್ಮ ಪೋಸ್ಟ್ ನೋಡಿ ಮೂಗಿಗೆ ಹೊಂಗೆ ಎಣ್ಣೆ ವಾಸನೆ ಬಂತು. ಆ ವಾಸನೆ ಅಂಗಿಗೆ ಹತ್ತಿದ್ರೆ ಮೂರು ಒಗೆತಕ್ಕೂ ಹೋಗಲ್ಲ. ನಾನು ಐದು ವರ್ಷ ಒಂದು ಇಂಜಿನಿಯರಿಂಗ್ ಕಾಲೇಜಿನ ಜೈವಿಕ ಇಂಧನ ಘಟಕದಲ್ಲಿ ಕೆಲಸ ಮಾಡಿದವನು. ಬೀಜ ಅರೆಯೋದು, ಎಣ್ಣೆ ಸೋಸೋದು, ಡೀಸೆಲ್ ಮಾಡೋದು, ನೋಡೋಕೆ ಬಂದವರಿಗೆ ಟೀ ಕೊಡೋದು, ಎಲ್ಲ ನಂದೇ.

ಮೊದಲು ನಿಮ್ಮ ಎರಡು ಮೂಟೆಯ ಲೆಕ್ಕ. ಎಕ್ಸ್‌ಪೆಲ್ಲರಿಗೆ (ಎಣ್ಣೆ ಹಿಂಡೋ ಯಂತ್ರ) ಹಾಕಿದ್ರೆ ಸುಮಾರು ನಾಲ್ಕು ಕೆಜಿ ಬೀಜಕ್ಕೆ ಒಂದು ಲೀಟರ್ ಎಣ್ಣೆ. ಅಂದ್ರೆ ನಿಮ್ಮದು 27 ಲೀಟರ್. ಈ ಎಣ್ಣೆ ದಪ್ಪ, ಹಾಗೇ ಹಾಕಿದ್ರೆ ಸೂಕ್ಷ್ಮ ಇಂಜೆಕ್ಟರ್ ಕಟ್ಟಿಕೊಳ್ಳುತ್ತೆ. ಹಳೇ ಕಾಲದ ನಿಧಾನ ಓಡೋ ಇಂಜಿನ್ನು ಸಹಿಸುತ್ತೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ (ಐಐಎಸ್‌ಸಿ) ಉಡುಪಿ ಶ್ರೀನಿವಾಸ ಅವರು ಹೊಂಗೆ ಎಣ್ಣೆಯಿಂದಲೇ ಜನರೇಟರ್ ಓಡಿಸಿ, ಹಳ್ಳಿಯಲ್ಲಿ ನೀರೆತ್ತಿ ತೋರಿಸಿದ್ರು. ಟ್ರ್ಯಾಕ್ಟರಿಗೆ ಹಾಕಬೇಕಾದ್ರೆ ಅದನ್ನ ಬಯೋಡೀಸೆಲ್ ಮಾಡಬೇಕು.

ಮಾಡೋದು ಹೇಗೆ ಅಂದ್ರೆ, ಎಣ್ಣೆಯನ್ನ 60 ಡಿಗ್ರಿಗೆ ಬಿಸಿ ಮಾಡಿ, ಲೀಟರಿಗೆ ಸುಮಾರು 200 ಮಿಲಿ ಮೆಥನಾಲು, ಅದರಲ್ಲಿ ಕರಗಿಸಿದ ಚಿಟಿಕೆ ಕಾಸ್ಟಿಕ್ ಸೋಡಾ ಹಾಕಿ ಗಂಟೆಗಟ್ಟಲೆ ಕಲಕಬೇಕು. 65ರ ಹತ್ರ ಹೋದ್ರೆ ಮೆಥನಾಲ್ ಕುದಿದು ಆವಿಯಾಗುತ್ತೆ, ಅದಕ್ಕೇ ಥರ್ಮಾಮೀಟರ್ ಮೇಲಿಂದ ಕಣ್ಣು ತೆಗೆಯೋ ಹಾಗಿಲ್ಲ. ಆಮೇಲೆ ರಾತ್ರಿಯಿಡೀ ಬಿಡೋದು. ಬೆಳಗ್ಗೆ ಬಂದು ನೋಡಿದ್ರೆ ಕೆಳಗೆ ಜೋನಿಬೆಲ್ಲದಂಥ ಕಂದು ಗ್ಲಿಸರಿನ್, ಮೇಲೆ ತಿಳಿ ಜೇನು ಬಣ್ಣದ ಡೀಸೆಲ್. ಆ ಗೆರೆ ಸ್ಪಷ್ಟ ಕಂಡ ದಿನ ಹಬ್ಬ. ಬೀಜ ಸರಿಯಾಗಿ ಒಣಗದೆ ಬೂಸ್ಟು ಹಿಡಿದಿದ್ರೆ ಎಣ್ಣೆಯಲ್ಲಿ ಆಮ್ಲ ಜಾಸ್ತಿ ಆಗಿರುತ್ತೆ, ಗೆರೆಯೇ ಬರಲ್ಲ, ಇಡೀ ಡ್ರಮ್ಮು ಸೋಪಾಗಿ ಕೂತಿರುತ್ತೆ. ಅಂಥ ಸೋಪಲ್ಲಿ ನಾವು ಶೆಡ್ಡಿನ ನೆಲ ತೊಳೆದದ್ದುಂಟು.

ಇಲ್ಲೊಂದು ತಮಾಷೆ. ಆ ಮೆಥನಾಲ್ ಇದೆಯಲ್ಲ, ನಮ್ಮ ದೇಶ ಅದರಲ್ಲಿ ಬಹುಪಾಲು ತರಿಸೋದು ಹೊರಗಿನಿಂದ. ಆಮದು ತೈಲ ಕಮ್ಮಿ ಮಾಡೋಕೆ ಆಮದು ಮೆಥನಾಲು. ಇದನ್ನ ಯಾವ ಮೈಕಲ್ಲೂ ಹೇಳಲಿಲ್ಲ.

ಈಗ ನಿಮ್ಮ ಪ್ರಶ್ನೆ. ನನ್ನ ಉತ್ತರ ಇಷ್ಟೇ: ಹೊಂಗೆಗೆ ಸರ್ಕಾರ ಸಸಿ ಕೊಡ್ತು. ಎಥನಾಲಿಗೆ ಮಾತು ಕೊಡ್ತು, ಕೊಳ್ತೀವಿ ಅನ್ನೋ ಮಾತು.

ಕೊಳ್ಳೋ ಮಾತು ಹೊಂಗೆಗೆ ಇರಲೇ ಇಲ್ಲ ಅಂತಲ್ಲ. 2005ರ ಕೊನೆಯಲ್ಲಿ ಕೇಂದ್ರದ ಪೆಟ್ರೋಲಿಯಂ ಸಚಿವಾಲಯ ಬಯೋಡೀಸೆಲ್ ಖರೀದಿ ನೀತಿ ತಂತು. ಬೆಲೆ ಲೀಟರಿಗೆ 26 ರೂಪಾಯಿ ಆಸುಪಾಸು. ನಾಲ್ಕು ಕೆಜಿ ಬೀಜವನ್ನ ಕೆಜಿಗೆ ಏಳು ರೂಪಾಯಿಯಂತೆ ಕೊಂಡ್ರೂ 28 ಆಗುತ್ತೆ, ಇನ್ನೂ ಅರೆದಿಲ್ಲ, ಮೆಥನಾಲ್ ತಂದಿಲ್ಲ, ಕರೆಂಟ್ ಕಟ್ಟಿಲ್ಲ. ಯಾರು ಮಾರ್ತಾರೆ? ಆಮೇಲೆ 2009ರ ರಾಷ್ಟ್ರೀಯ ನೀತಿ 2017ಕ್ಕೆ ಶೇ. 20 ಬೆರೆಸ್ತೀವಿ ಅಂತು. 2018ರ ನೀತಿಯಲ್ಲಿ ಬಯೋಡೀಸೆಲ್ ಗುರಿ 2030ಕ್ಕೆ ಶೇ. 5 ಆಯ್ತು. ಇವತ್ತಿಗೂ ಶೇ. 1 ದಾಟಿಲ್ಲ.

ಇನ್ನೊಂದು ವಿಷಯ ಯಾರೂ ಎತ್ತಲ್ಲ. ನಿಮ್ಮಪ್ಪ ಸಸಿ ನೆಟ್ಟ ಆ ವರ್ಷಗಳಲ್ಲಿ ಡೀಸೆಲ್ ಬೆಲೆ ಸರ್ಕಾರದ ಕೈಯಲ್ಲೇ ಇತ್ತು, 2014ರ ಅಕ್ಟೋಬರ್‌ವರೆಗೂ. ಕೊಂಡದ್ದಕ್ಕಿಂತ ಕಮ್ಮಿಗೆ ಮಾರ್ತಿದ್ರು. 2012-13ರಲ್ಲಿ ಡೀಸೆಲ್ ಒಂದರಲ್ಲೇ ಆ ಕೊರತೆ 90 ಸಾವಿರ ಕೋಟಿ ದಾಟಿತ್ತು. ಒಂದು ಕೈಯಲ್ಲಿ ಹೊಂಗೆ ಸಸಿ ಪುಕ್ಕಟೆ, ಇನ್ನೊಂದು ಕೈಯಲ್ಲಿ ಡೀಸೆಲ್ಲಿಗೆ ತುಪ್ಪ. ಹೊಂಗೆ ಸ್ಪರ್ಧೆ ಮಾಡಬೇಕಾಗಿದ್ದು ಅರಬ್ಬರ ಜೊತೆ ಅಲ್ಲ ಸ್ವಾಮಿ, ಸಸಿ ಕೊಟ್ಟ ಸರ್ಕಾರದ ಜೊತೆಗೇ. ಹಾಗಾಗಿ ನಿಮ್ಮ ಭಾವನಿಗೆ ಹೇಳಿ: ಸರ್ಕಾರ ಕೈ ಹಾಕಬಾರದು ಅನ್ನೋದಾದ್ರೆ ಡೀಸೆಲ್ಲಿಗೂ ಹಾಕಬಾರದಿತ್ತು.

ಎಥನಾಲ್ ಕಥೆಯೂ ಮೊದಲು ಇದೇ. 2003ರ ಜನವರಿಯಲ್ಲಿ ಕರ್ನಾಟಕವೂ ಸೇರಿ ಒಂಬತ್ತು ರಾಜ್ಯಗಳಲ್ಲಿ ಶೇ. 5 ಬೆರೆಸೋದು ಅಂತ ಶುರುವಾಯ್ತು. ಹತ್ತು ವರ್ಷ ಕಳೆದ್ರೂ ಶೇ. 2 ಮುಟ್ಟಲಿಲ್ಲ. ಫ್ಯಾಕ್ಟರಿ ಅವೇ, ಕಬ್ಬೂ ಅದೇ. ಬದಲಾದದ್ದು ಏನು? 2014ರ ಕೊನೆಗೆ ಸರ್ಕಾರ ಖರೀದಿ ಬೆಲೆ ನಿಗದಿ ಮಾಡ್ತು, ತೈಲ ಕಂಪನಿಗಳು ತಗೊಳ್ಳಲೇಬೇಕು ಅಂತಾಯ್ತು. 2018ರಲ್ಲಿ ಜಿಎಸ್‌ಟಿ ಶೇ. 18ರಿಂದ 5ಕ್ಕೆ ಇಳೀತು, ಕಬ್ಬಿನ ಹಾಲಿಗೊಂದು ದರ, ಸಕ್ಕರೆ ತೆಗೆದ ಮೇಲೆ ಉಳಿಯೋ ಕಾಕಂಬಿಗೊಂದು ದರ ಬಂತು, ಎಥನಾಲ್ ತಯಾರಿಸೋ ಡಿಸ್ಟಿಲರಿ ಕಟ್ಟೋ ಸಾಲಕ್ಕೆ ಐದು ವರ್ಷ ಶೇ. 6ರವರೆಗೆ ಬಡ್ಡಿಯನ್ನ ಸರ್ಕಾರ ಹೊತ್ತುಕೊಳ್ತು. 2022ರ ಜೂನಿಗೆ ಶೇ. 10. 2023ರ ಫೆಬ್ರವರಿಯಲ್ಲಿ ನಮ್ಮ ಬೆಂಗಳೂರಲ್ಲೇ ಇ20 ಬಿಡುಗಡೆ. 2025ಕ್ಕೆ ಶೇ. 20. ಮೊದಲು 2030 ಅಂತಿದ್ದ ಗುರಿ ಅದು.

ಸ್ಕೂಟರಿನವರ ಸಿಟ್ಟು ನ್ಯಾಯವಾದದ್ದೇ. 2025ರ ಜುಲೈ ಹೊತ್ತಿಗೆ ತೈಲ ಕಂಪನಿಗಳು ಎಥನಾಲ್ ಕೊಂಡ ಸರಾಸರಿ ಬೆಲೆ ಸಾಗಣೆ, ತೆರಿಗೆ ಸೇರಿ ಲೀಟರಿಗೆ 71.32, ಇದು ಸರ್ಕಾರವೇ ಹೇಳಿದ್ದು. ಅಗ್ಗ ಅಲ್ಲವೇ ಅಲ್ಲ. ಇಲ್ಲಿ ಕೊಡ್ತಿರೋದು ಡಾಲರ್ ಉಳಿಸೋಕೆ ಕಟ್ಟೋ ಬೆಲೆ. ನೂರು ಲೀಟರ್ ಕಚ್ಚಾತೈಲದಲ್ಲಿ 85ಕ್ಕಿಂತ ಹೆಚ್ಚು ಹೊರಗಿಂದ ತರೋ ದೇಶ ಒಂದಿಷ್ಟು ದುಬಾರಿ ಆದ್ರೂ ಊರದ್ದೇ ಕೊಳ್ತೀನಿ ಅನ್ನೋದು ತಪ್ಪಲ್ಲ. ಆದ್ರೆ ಅದನ್ನ ಜನಕ್ಕೆ ನೇರ ಹೇಳಬೇಕಿತ್ತು, ಹಳೇ ಗಾಡಿಯವರಿಗೆ ಇ10 ನಳವನ್ನೂ ಉಳಿಸಬೇಕಿತ್ತು.

ಕೊನೇ ಮಾತು, ನಿಮಗೆ ಇಷ್ಟ ಆಗಲ್ಲ. ಹೊಂಗೆಗೆ ಒಳ್ಳೇ ಖರೀದಿ ಬೆಲೆ ಕೊಟ್ಟಿದ್ರೂ ಅದು ಎಥನಾಲ್ ಆಗ್ತಿರಲಿಲ್ಲ. ಕಬ್ಬು ಗಾಡಿಗಟ್ಟಲೆ ಒಂದು ಗೇಟಿಗೆ ಬಂದು ಬೀಳುತ್ತೆ. ಹೊಂಗೆ ಸಾವಿರ ಅಂಗಳದಲ್ಲಿ ಎರಡೆರಡು ಮೂಟೆ. ಅದಕ್ಕೆ ಬೇಕಾಗಿದ್ದು ಹಾಲಿನ ಡೇರಿ ಥರ ಊರೂರಲ್ಲಿ ಅಳೆದು, ಅವತ್ತೇ ಚೀಟಿ ಕೊಡೋ ವ್ಯವಸ್ಥೆ. ಕಾಯಿ ಬಿಡಿಸೋ ಒಂದು ಯಂತ್ರ ಹೋಬಳಿಗೊಂದು ಇಟ್ಟಿದ್ರೆ ನಿಮ್ಮಪ್ಪನ ಒಂಬತ್ತು ದಿನ ಒಂದು ಬೆಳಗ್ಗೆ ಆಗ್ತಿತ್ತು. ಸಸಿಗೆ ಹಾಕಿದ ದುಡ್ಡಲ್ಲಿ ಅರ್ಧ ಅದಕ್ಕೆ ಹಾಕಬಹುದಿತ್ತು. ಆದ್ರೆ ಸಸಿ ಕೊಡೋದಕ್ಕೆ ಫೋಟೋ ಬರುತ್ತೆ, ಕಾಯಿ ಬಿಡಿಸೋ ಯಂತ್ರಕ್ಕೆ ಬರಲ್ಲ.

ಘಟಪ್ರಭಾ ದಂಡಿ:

ಗಾಣದ ಅಣ್ಣಾರ, ಭಾಳ ಛಲೋ ಬರದೀರಿ. ಆದ್ರ ಎಥನಾಲ್ ಗೆದ್ದೈತಿ ಅನ್ನೂದಕ್ಕ ಒಂದೀಟ್ ತಡೀರಿ. ಗೆದ್ದವ್ರು ಯಾರು?

ನಾವು ಮೂಡಲಗಿ ಕಡೆದವ್ರು, ಆರು ಎಕರೆ ಕಬ್ಬು. ಒಂದು ಟನ್ ಕಬ್ಬಿನ ಹಾಲಿನಿಂದ ಸೀದಾ ಎಥನಾಲ್ ಮಾಡಿದ್ರ ಸುಮಾರು 70 ಲೀಟರ್. ಸರ್ಕಾರದ ದರ ಲೀಟರಿಗೆ 65.61. ಗುಣಸಿ ನೋಡ್ರಿ, 4,592 ರೂಪಾಯಿ. ಫ್ಯಾಕ್ಟರಿ ಖರ್ಚು ಐತಿ, ಒಪ್ಪತೀನಿ. ನಮಗ ಸಿಗೂದೇನು? 2025ರ ನವೆಂಬರ್‌ದಾಗ ಗುರ್ಲಾಪುರ ಕ್ರಾಸಿನ್ಯಾಗ ರಾತ್ರಿ ಥಂಡ್ಯಾಗ ಕುಂತಿದ್ವಿ, ಟನ್ನಿಗೆ 3,500 ಕೊಡ್ರಿ ಅಂತ. ರೊಟ್ಟಿ ಬುತ್ತಿ ಊರಿಂದ ಬರ್ತಿತ್ತು, ಹುಡುಗರು ಕಾಲೇಜ ಬಿಟ್ಟು ಬಂದಿದ್ರು. ಕಡೀಕ 3,300ಕ್ಕ ಎದ್ವಿ.

ಫ್ಯಾಕ್ಟರಿಯವ್ರೂ ಸುಳ್ಳ ಹೇಳಂಗಿಲ್ಲ ಮತ್ತ. ಕಬ್ಬಿನ ಎಫ್‌ಆರ್‌ಪಿ (ಕಡಿಯೂ, ಸಾಗಸೂ ಖರ್ಚು ಸೇರಿ ಕೇಂದ್ರ ಗೊತ್ತು ಮಾಡೂ ಕನಿಷ್ಠ ದರ) 2022-23ರಾಗ ಕ್ವಿಂಟಲಿಗೆ 305 ಇತ್ತು, 2025-26ಕ್ಕ 355 ಆತು. ಕಬ್ಬಿನ ಹಾಲಿನ ಎಥನಾಲ್ ದರ ಮಾತ್ರ ಆ 65.61ರ ಮ್ಯಾಲೆ ಮೊಳೆ ಹೊಡದ್ಹಾಂಗ ನಿಂತೈತಿ. 2023ರಾಗ ಮಳಿ ಕೈಕೊಡ್ತು, ಸಕ್ಕರಿ ಕಮ್ಮಿ ಆಗತೈತಿ ಅಂತ ಡಿಸೆಂಬರ್‌ದಾಗ ಒಮ್ಮಿಂದೊಮ್ಮೆ ಕಬ್ಬಿನ ಹಾಲಿನಿಂದ ಎಥನಾಲ್ ಮಾಡಬ್ಯಾಡ್ರಿ ಅಂದ್ರು. ಡಿಸ್ಟಿಲರಿ ಕಟ್ಟಿ ಕುಂತವ್ರ ಗತಿ? ಆಮ್ಯಾಲೆ ನಮ್ಮ ಹೋರಾಟದ ಹೊತ್ತಿಗೆ ಮುಖ್ಯಮಂತ್ರಿಗಳೇ ದಿಲ್ಲಿಗೆ ಬರದ್ರಲ್ಲ, ರಾಜ್ಯದ್ದು 270 ಕೋಟಿ ಲೀಟರ್ ಮಾಡೂ ತಾಕತ್ತು, ತೈಲ ಕಂಪನಿಗಳು ಕೊಳ್ಳಾಕ ಹಂಚಿಕಿ ಕೊಟ್ಟಿದ್ದು 47 ಕೋಟಿ ಲೀಟರ್ ಅಂತ. ನೀವು ಅಂದ ಆ 'ಮಾತು' ಐತಲ್ಲ, ಅದು ಗೇಟಿನ ತನಕ ಬರತೈತಿ. ಗೇಟಿನ ಹೊರಗ ಟ್ರ್ಯಾಕ್ಟರ್ ಹಚ್ಚಿ ನಿಂತವಗ ಮುಟ್ಟಂಗಿಲ್ಲ.

ಹಂಗಂತ ಎಥನಾಲ್ ಬ್ಯಾಡ ಅನ್ನೂದಿಲ್ಲ ನಾನು. ಮೊದಲ ಕಬ್ಬಿನ ಬಿಲ್ ವರ್ಷಗಟ್ಟಲೆ ಬಾಕಿ ಇರ್ತಿತ್ತು. ಎಥನಾಲ್ ದುಡ್ಡು ಫ್ಯಾಕ್ಟರಿಗೆ ಲಗೂನ ಬರತೈತಿ, ಬಿಲ್ಲೂ ಮೊದಲಿಗಿಂತ ಲಗೂ ಆಗ್ಯಾವ. ಅಷ್ಟು ಖರೆ.

ನೀರಿನ ಮಾತು ಯಾರೂ ತಗೀಲಿಲ್ಲ ನೋಡ್ರಿ, ನಾನs ತಗೀತೀನಿ, ನಂದs ಕಬ್ಬು. ಅದs ನೀತಿ ಆಯೋಗದ ವರದಿಯೊಳಗ ಕಬ್ಬಿನ ಒಂದು ಲೀಟರ್ ಎಥನಾಲಿಗೆ 2,860 ಲೀಟರ್ ನೀರು ಅಂತ ಐತಿ. ನಮ್ಮ ಬೋರ್ ಮೊದಲ 200 ಫೂಟಿಗೆ ಇತ್ತು, ಈಗ 600. ತಿಪಟೂರ ಅಣ್ಣಾರ, ನಿಮ್ಮ ಹೊಂಗಿಗೆ ಎರಡು ಬ್ಯಾಸಗಿ ಬಿಂದಿಗಿ ನೀರು ಸಾಕಾತು. ಅದನ್ನ ಯಾವ ದರದಾಗೂ ಲೆಕ್ಕಾ ಹಿಡ್ಯಂಗಿಲ್ಲ.

ಹಳೇ ಸ್ಕೂಟರ್, ಯಶವಂತಪುರ:

ನೋಡಿ, ಕಬ್ಬಿನವರೇ ಒಪ್ಪಿಕೊಂಡ್ರು. ಮಾತು ಕೊಡೋದು, ಮಳೆ ಬರದಿದ್ರೆ ಮಾತು ತಪ್ಪೋದು. ಇದಕ್ಕಿಂತ ಆ ದುಡ್ಡನ್ನ ಬ್ಯಾಟರಿ ಬಸ್ಸಿಗೆ ಹಾಕಿ ಅಂತೀನಿ. ಬ್ಯಾಟರಿ ಗಾಡಿಗೆ ಕೇಂದ್ರ ಸಹಾಯಧನ ಕೊಡೋ ಫೇಮ್ ಯೋಜನೆಯ ಎರಡನೇ ಕಂತಿಗೆ ಮೊದಲು ಇಟ್ಟದ್ದು 10,000 ಕೋಟಿ, ಅದರಲ್ಲಿ ಬಂದ ಬಸ್ಸಲ್ಲಿ ದಿನಾ ಓಡಾಡ್ತೀನಿ. ಸದ್ದಿಲ್ಲ, ಹೊಗೆ ಇಲ್ಲ. ಸೀಟೂ ಇಲ್ಲ, ಅದು ಬೇರೆ ಮಾತು.

ಗಾಣದ ಹುಡುಗ (ಈಗ ಹುಡುಗ ಅಲ್ಲ):

ಘಟಪ್ರಭಾದವರ ಮಾತಿಗೆ ನನ್ನಲ್ಲಿ ಪೂರ್ತಿ ಉತ್ತರ ಇಲ್ಲ. ಬ್ರೆಜಿಲ್ ಒಂದನ್ನ ನೆನಪಿಸ್ತೀನಿ. 1973ರ ತೈಲ ಹೊಡೆತ ಬಿದ್ದ ಮೇಲೆ 1975ರಲ್ಲಿ ಪ್ರೋಆಲ್ಕೂಲ್ ಅಂತ ಶುರು ಮಾಡಿದ್ರು. ಅಗ್ಗದ ಸಾಲ, ಖಚಿತ ಖರೀದಿ, ಬರೀ ಎಥನಾಲಲ್ಲೇ ಓಡೋ ಕಾರು. ಎಂಬತ್ತರ ದಶಕದಲ್ಲಿ ಅಲ್ಲಿ ಹೊಸ ಕಾರಂದ್ರೆ ಹೆಚ್ಚುಕಮ್ಮಿ ಅದೇ. ಆಮೇಲೆ ತೈಲ ಅಗ್ಗ ಆಯ್ತು, ಸಕ್ಕರೆ ದುಬಾರಿ ಆಯ್ತು, ಗಿರಣಿಯವರು ಸಕ್ಕರೆ ಕಡೆ ತಿರುಗಿದ್ರು, 1989ರ ಹೊತ್ತಿಗೆ ಬಂಕಲ್ಲಿ ಎಥನಾಲ್ ಇಲ್ಲ. ಜನಕ್ಕೆ ಆ ಕಾರಿನ ಮೇಲೆ ನಂಬಿಕೆಯೇ ಹೋಯ್ತು. ಮತ್ತೆ ಚೇತರಿಸಿದ್ದು 2003ರಲ್ಲಿ ಎರಡನ್ನೂ ಕುಡಿಯೋ ಫ್ಲೆಕ್ಸ್ ಕಾರು ಬಂದ ಮೇಲೆ. ಅಲ್ಲಿ ಬಂಕಿಗೆ ಹೋದವನು ಅವತ್ತಿನ ದರ ನೋಡಿ ಯಾವುದು ಬೇಕೋ ಅದನ್ನ ಹಾಕಿಸ್ತಾನೆ. ಸ್ಕೂಟರಿನವರು ಕೇಳ್ತಿರೋದೂ ಅದನ್ನೇ ಅಂದ್ಕೊಂಡಿದ್ದೀನಿ.

ತಿಪಟೂರು ಕಡೆಯವ:

ಎಲ್ಲ ಓದಿದೆ. ರಾತ್ರಿ ಊಟಕ್ಕೆ ಕೂತಾಗ ಅಪ್ಪನಿಗೂ ಒಂದಷ್ಟು ಓದಿ ಹೇಳಿದೆ. ಡೀಸೆಲ್ಲಿಗೆ ತುಪ್ಪ ಸುರಿದ ಜಾಗಕ್ಕೆ ಬಂದಾಗ ನಕ್ಕ. ನೀರಿನ ಲೆಕ್ಕ ಕೇಳಿ ಸುಮ್ಮನಾದ, ಆಮೇಲೆ "ಆ ಕಡೆಯೋರು ಪಾಪ" ಅಂದ.

ಒಂದು ವಿಷಯ ನಾನು ಮೊದಲ ಪೋಸ್ಟಲ್ಲಿ ಬರೆದಿರಲಿಲ್ಲ. ಬೀಜ ಮಾರಿಲ್ಲ. 24 ಅಂದ ಮೇಲೆ ಅಪ್ಪ ಮೂಟೆ ವಾಪಸ್ ಆಟೋಗೆ ಎತ್ತಿಸಿದ. ಹೋಗ್ತಾ ಬರ್ತಾ ಸೇರಿ ಆಟೋಗೆ 600 ಆಯ್ತು.

ಗಾಣದವರೇ, ಡೀಸೆಲ್ ಆಸೆ ಬಿಟ್ಟೆ. ಆದ್ರೆ ನಮ್ಮ ಹತ್ರ ಹಳೇ 5 ಎಚ್‌ಪಿ ಡೀಸೆಲ್ ಪಂಪ್‌ಸೆಟ್ ಒಂದು ಕೊಟ್ಟಿಗೆಯಲ್ಲಿ ಬಿದ್ದಿದೆ, ಕರೆಂಟ್ ಬಂದ ಮೇಲೆ ಯಾರೂ ಮುಟ್ಟಿಲ್ಲ. ನೀವು ಹೇಳಿದ ನಿಧಾನ ಓಡೋ ಇಂಜಿನ್ ಅಂದ್ರೆ ಅದೇನಾ? 27 ಲೀಟರ್ ಎಣ್ಣೆ ಅದಕ್ಕೆ ಹಾಕಬಹುದಾ? ಹಿಂಡಿ ಹೇಗೂ ತೆಂಗಿನ ಬುಡಕ್ಕೆ ಆಗುತ್ತೆ, ಅಂಗಡಿಯಲ್ಲಿ ಅದನ್ನೂ ದುಡ್ಡು ಕೊಟ್ಟೇ ತರ್ತಿದ್ದೀವಿ. ಆದ್ರೆ ಇಲ್ಲಿ ಕೊಬ್ಬರಿ ಗಾಣದವರು ಹೊಂಗೆ ಅಂದ್ರೆ ಬಾಗಿಲು ಹಾಕ್ತಾರೆ, ಕಹಿ ಹತ್ತುತ್ತೆ ಅಂತ. ಹೊಂಗೆ ಅರೆಯೋರು ಹತ್ರದಲ್ಲಿ ಯಾರಾದ್ರೂ ಇದ್ದಾರಾ?

ಗಾಣದ ಹುಡುಗ (ಈಗ ಹುಡುಗ ಅಲ್ಲ):

ಅದೇ ಇಂಜಿನ್. ಡೀಸೆಲಲ್ಲಿ ಸ್ಟಾರ್ಟ್ ಮಾಡಿ, ಹತ್ತು ನಿಮಿಷ ಕಾದ ಮೇಲೆ ಎಣ್ಣೆಗೆ ತಿರುಗಿಸಿ. ನಿಲ್ಲಿಸೋ ಮುಂಚೆ ಮತ್ತೆ ಡೀಸೆಲಿಗೆ ಬನ್ನಿ, ಇಲ್ಲದಿದ್ರೆ ಮರುದಿನ ಬೆಳಗ್ಗೆ ಪೈಪಲ್ಲಿ ಎಣ್ಣೆ ಗಟ್ಟಿ ಕೂತಿರುತ್ತೆ. ಮೊದಲು ಅರ್ಧಕ್ಕರ್ಧ ಬೆರೆಸಿ ನೋಡಿ. ಎಣ್ಣೆಯನ್ನ ಹಳೇ ಪಂಚೆಯಲ್ಲಿ ಎರಡು ಸಲ ಸೋಸಿ, ವಾರ ಬಿಟ್ಟು ಮೇಲಿನ ತಿಳಿ ಮಾತ್ರ ಬಳಸಿ. ಫಿಲ್ಟರ್ ಪದೇಪದೇ ಬಿಚ್ಚಬೇಕಾಗುತ್ತೆ, ಅದಕ್ಕೆ ಬೇಜಾರಾಗಬೇಡಿ.

ಅರೆಯೋ ಜಾಗ ಅರಸೀಕೆರೆ ಕಡೆ ಒಂದಿದೆ, ಖಾಸಗಿ ಸಂದೇಶದಲ್ಲಿ ಕಳಿಸ್ತೀನಿ. ಹೋಗೋ ಮುಂಚೆ ಬೀಜವನ್ನ ಇನ್ನೆರಡು ದಿನ ಬಿಸಿಲಿಗೆ ಹಾಕಿ. ಒಂದು ಹಿಡಿ ತಗೊಂಡು ಡಬ್ಬಿಯಲ್ಲಿ ಅಲ್ಲಾಡಿಸಿದ್ರೆ ಕಲ್ಲಿನ ಥರ ಗಲಗಲ ಅನ್ನಬೇಕು. ಇಲ್ಲದಿದ್ರೆ ಎಣ್ಣೆ ಕಮ್ಮಿ ಬರುತ್ತೆ, ಆಮೇಲೆ ಅಪ್ಪ ನನ್ನ ಬೈತಾರೆ.